ಬಿಳಿ ಬನಿಯನ್ನಿನ ಕಾಗೆ

2016ರ ಮಾರ್ಚ್. ಡಲ್ಲಾಸ್ ಹತ್ತಿರದ ಕಾಪೆಲ್‌ನಲ್ಲಿ ನಾನು ಶಾಲೆಯ ಟೀಚರ್. ಹಕ್ಕಿ ನೋಡುವ ಹುಚ್ಚು ಬೇರೆ. ಸ್ಪ್ರಿಂಗ್ ಬ್ರೇಕಿಗೆ ಕೆನ್ಯಾದ ನಕುರು ಸರೋವರದ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣವೆಂದು ಗಂಡ ರಘುವಿನ ಬೆನ್ನುಬಿದ್ದು ಒಪ್ಪಿಸಿದೆ. ಮೈಸೂರಿನಿಂದ ಬಂದಿದ್ದ ಅತ್ತೆಯೂ ಹೊರಟರು. ಟಿಕೆಟ್ ಮಾಡುವಾಗ ರಜೆ ನೋಡಿದೆವೇ ಹೊರತು ಪಂಚಾಂಗ ನೋಡಲಿಲ್ಲ. ಸರೋವರಕ್ಕೆ ಹೋಗುವ ದಿನವೇ ಮಾವನವರ ತಿಥಿ ಎಂದು ಕೆನ್ಯಾ ತಲುಪಿದ ಮೇಲೆ ಗೊತ್ತಾಯಿತು.

"ಶ್ರಾದ್ಧ ವಾಪಸ್ ಹೋದ್ಮೇಲೆ ಮಾಡಿಸೋಣ. ಆದ್ರೆ ಇವತ್ತು ಕಾಗೆ ಅನ್ನ ಮುಟ್ಟದೆ ನಾನು ಊಟ ಮಾಡಲ್ಲ" ಎಂದರು ಅತ್ತೆ. ಕಾಪೆಲ್‌ನಲ್ಲಾದರೆ ಹಿತ್ತಲ ಬೇಲಿಯ ಮೇಲೆ ಎಡೆ ಇಡುತ್ತಿದ್ದೆವು. ಅಕ್ಕಪಕ್ಕದವರು ಏನಂದುಕೊಂಡಾರು ಎಂದು 'ಕಾ ಕಾ' ಎಂದು ಕರೆಯಲು ಮಾತ್ರ ನಾನು ರಘುವನ್ನು ಬಿಡುತ್ತಿರಲಿಲ್ಲ.

ಹೋಟೆಲಿನಲ್ಲೇ ಕುಕ್ಕರಿನಲ್ಲಿ ಅನ್ನ ಮಾಡಿ ಡಬ್ಬಿಗೆ ಹಾಕಿ, ಜೊತೆಗೆ ಮೊಸರನ್ನೂ ಇಟ್ಟುಕೊಂಡೆವು. ಸರೋವರದ ದಂಡೆಯಲ್ಲಿ ರಘು ಡಬ್ಬಿ ತೆಗೆಯುತ್ತಿದ್ದಂತೆ ನಮ್ಮ ಡ್ರೈವರ್ ಜೋಸೆಫ್ ತಡೆದ. ಪಾರ್ಕಿನೊಳಗೆ ಪ್ರಾಣಿ-ಪಕ್ಷಿಗಳಿಗೆ ಏನೂ ಹಾಕುವಂತಿಲ್ಲವಂತೆ. ಆಗಲೇ ಒಂದು ಗಂಟೆ. ಅತ್ತೆಗೆ ಸಕ್ಕರೆ ಕಾಯಿಲೆ, ಬೆಳಗ್ಗೆ ಮಾತ್ರೆ ನುಂಗಿದ್ದರು. ಬಿಸ್ಕತ್ತು ಕೊಟ್ಟರೆ ಮುಖ ತಿರುಗಿಸಿದರು.

ನಾನು ವಿಷಯ ಹೇಳಿದೆ. ಜೋಸೆಫ್ ಇಂಗ್ಲಿಷಿನಲ್ಲಿ, "ಗೇಟಿನ ಹೊರಗೇ ನಮ್ಮ ಮನೆ ಇದೆ, ಬನ್ನಿ. ಆದರೆ ಒಮ್ಮೆ ಹೊರಗೆ ಹೋದರೆ ಇವತ್ತು ಮತ್ತೆ ಒಳಗೆ ಬಿಡುವುದಿಲ್ಲ" ಎಂದ. ದೂರದಲ್ಲಿ ಫ್ಲೆಮಿಂಗೊಗಳು ಗುಲಾಬಿ ಗೆರೆಯಂತೆ ಕಾಣುತ್ತಿದ್ದವು. ಹೇಳಲು ನಾಚಿಕೆ, ನಾನು ಹಿಂದೆಮುಂದೆ ನೋಡಿದೆ. ಅಷ್ಟರಲ್ಲಿ ಅತ್ತೆಯ ಕೈ ನಡುಗುವುದು ಕಾಣಿಸಿತು. "ನಡೀರಿ, ಹೋಗೋಣ" ಎಂದೆ.

ಜೋಸೆಫನ ಹೆಂಡತಿ ಬಾಳೆಲೆ ಕೊಯ್ದುಕೊಟ್ಟಳು. ರಘು ಗೋಡೆಯ ಮೇಲೆ ಎಡೆ ಇಟ್ಟು 'ಕಾ ಕಾ' ಎಂದು ಕರೆದ. ಯಾವ ಕಾಗೆಯೂ ಬರಲಿಲ್ಲ. ಜೋಸೆಫನೂ ದನಿಗೂಡಿಸಿದ. ಕೊನೆಗೆ ನಾನೂ ಗಂಟಲು ಹರಿಯುವಂತೆ ಕೂಗಿದೆ.

ಬಂತು! ಮೈಯೆಲ್ಲ ಕಪ್ಪು, ಎದೆ ಮಾತ್ರ ಬಿಳಿ. ಒಂದು ತುತ್ತು ಕಚ್ಚಿಕೊಂಡು ಹಾರಿತು.

"ಇದೆಂಥ ಕಾಗೆಯೋ ರಘು?" ಎಂದ ಅತ್ತೆ ಆಮೇಲೆ ನಕ್ಕರು. "ನಿಮ್ಮಪ್ಪನೂ ಮನೇಲಿ ಬಿಳಿ ಬನಿಯನ್ನಲ್ಲೇ ಇರ್ತಿದ್ರಲ್ಲ." ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಜೋಸೆಫನ ಮನೆಯವರೊಂದಿಗೆ ಕೂತು ಹೊಟ್ಟೆ ತುಂಬ ಮೊಸರನ್ನ ತಿಂದರು.

ಫ್ಲೆಮಿಂಗೊಗಳನ್ನು ಹತ್ತಿರದಿಂದ ನೋಡಲಾಗಲಿಲ್ಲ ಎಂಬ ಬೇಸರ ನನಗಿಲ್ಲ. ಈಗಲೂ ಮಾವನವರ ತಿಥಿಯಂದು ರಘು ಹಿತ್ತಲಲ್ಲಿ ಎಡೆ ಇಡುತ್ತಾನೆ. ಬೇಲಿಯಾಚೆಗೂ ಕೇಳುವಂತೆ 'ಕಾ ಕಾ' ಎಂದು ಕರೆಯುವವಳು ನಾನು.