ಎಷ್ಟು ಬೇಕಾದರೂ ಬಳಸು ಅಂದವಳು

ನನ್ನ ಫೋನಿಗೆ ಅಡುಗೆಮನೆಯಲ್ಲಿ ಒಂದು ಜಾಗ ಉಂಟು. ತೆಂಗಿನೆಣ್ಣೆಯ ಡಬ್ಬಕ್ಕೆ ಬೆನ್ನು ಕೊಟ್ಟು ಅದು ನಿಲ್ಲುತ್ತದೆ. ಗಾಜಿನ ಮೇಲೆ ಒಗ್ಗರಣೆ ಸಿಡಿದ ಕಲೆಗಳನ್ನು ನಾನು ಸೆರಗಿನಿಂದ ಒರೆಸುತ್ತೇನೆ. ಅವು ಹೋಗುವುದಿಲ್ಲ, ಹರಡುತ್ತವೆ. ಟಿವಿ ಕೆಟ್ಟ ಮೇಲೆ ರಿಪೇರಿಗೆ ಕೊಡಲಿಲ್ಲ, ಸಂಜೆ ಏಳರ ಕನ್ನಡ ಧಾರಾವಾಹಿಗೆ ಈ ಅಂಗೈಯಷ್ಟು ಗಾಜೇ ಸಾಕು ಅಂತ ಬಿಟ್ಟೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಮೆಣಸಿನ ಗೋದಾಮಿನ ಹಿಂದಿನ ಓಣಿಯಲ್ಲಿ ಕೂತು ನಾನು ಕನ್ನಡ ಕೇಳುವುದು ದಿನಕ್ಕೆ ಆ ಅರ್ಧ ಗಂಟೆ ಮಾತ್ರ.

ಕುಂಬಳೆಯ ಕಡೆ ಮೂರನೆಯ ಕ್ಲಾಸಿನ ತನಕ ಶಾಲೆಗೆ ಹೋದವಳು ನಾನು. ಗಂಡನಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಆಫೀಸಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು ಅಂತ ಕೊಚ್ಚಿಗೆ ಬಂದೆ. ಅವರು ತೀರಿಹೋದರು, ನಾನು ಉಳಿದೆ. ಮಕ್ಕಳಿಲ್ಲ. ಇದನ್ನು ಅಯ್ಯೋ ಅನ್ನಿಸಿಕೊಳ್ಳಲಿಕ್ಕೆ ಹೇಳಿದ್ದಲ್ಲ, ಮುಂದಿನ ಕತೆಗೆ ಬೇಕು ಅಂತ ಹೇಳಿದೆ. ಬರೆಯುವುದು ನನಗೆ ಅಭ್ಯಾಸವಿಲ್ಲದ ಕೆಲಸ, ಅಕ್ಷರ ಒಂದೊಂದೂ ಕಡುಬಿನ ಹಾಗೆ ಉಬ್ಬುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಈ ಮಾತನ್ನು ಬಾಯಲ್ಲಿ ಯಾರಿಗೂ ಹೇಳಲಿಕ್ಕೆ ನನಗೆ ಮುಖವಿಲ್ಲ.

ಯಮುನಾ ನನ್ನ ಗಂಡನ ತಂಗಿ. ತಿರುವನಂತಪುರದಲ್ಲಿ ಒಬ್ಬ ಕನ್ನಡದ ಬ್ಯಾಂಕ್ ಆಫೀಸರರ ಮನೆಯಲ್ಲಿ ಹನ್ನೊಂದು ವರ್ಷ ಅಡುಗೆಗಿದ್ದಳು, ಅವರ ಮನೆಯ ಹಿಂದಿನ ಕೋಣೆಯಲ್ಲೇ ವಾಸ. ಅವರಿಗೆ ವರ್ಗವಾಯಿತು. ಕೆಲಸವೂ ಕೋಣೆಯೂ ಒಂದೇ ದಿನ ಹೋದವು. ಅವಳ ಒಬ್ಬಳೇ ಮಗಳು ಗಲ್ಫಿನಲ್ಲಿ ನರ್ಸು. ಅಲ್ಲಿಗೆ ತಾಯಿಯನ್ನು ಕರೆಸಿಕೊಳ್ಳುವಷ್ಟು ದೊಡ್ಡ ಮನೆ ಅವಳಿಗಿಲ್ಲ. ನಾನೇ ಫೋನು ಮಾಡಿ ಹೇಳಿದೆ, ‘ಬಾ ಮಾರಾಯ್ತಿ, ಇದು ನಿನ್ನ ಅಣ್ಣನ ಮನೆ. ಎಷ್ಟು ದಿನ ಬೇಕಾದ್ರೂ ಇರು.’ ಹಾಗೆ ಹೇಳುವಾಗ ನನಗೆ ನನ್ನ ಮೇಲೆ ಬಹಳ ಪ್ರೀತಿ ಬಂದಿತ್ತು.

ಬಂದ ದಿನವೇ ಅವಳು ತನ್ನ ಫೋನಿನ ಪ್ಯಾಕು ಮುಗಿದಿದೆ, ರೀಚಾರ್ಜ್ ಮಾಡಿಸಿ ಬರುತ್ತೇನೆ ಅಂತ ಚಪ್ಪಲಿ ಮೆಟ್ಟಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ‘ನನ್ನದು ಅನ್‌ಲಿಮಿಟೆಡ್ ಉಂಟಲ್ಲ! ಅದರಿಂದಲೇ ತೆಗಿ. ಎಷ್ಟು ಬೇಕಾದ್ರೂ ಬಳಸು.’ ಫೋನಿನ ಅಂಗಡಿಯವಳು ಕಲಿಸಿಕೊಟ್ಟಿದ್ದ ಹಾಟ್‌ಸ್ಪಾಟ್ ಅನ್ನುವ ಗುಂಡಿ ಒತ್ತಿ, ನನ್ನ ಫೋನಿನ ನೆಟ್ಟು ಅವಳ ಫೋನಿಗೆ ಹರಿಯುವ ಹಾಗೆ ಮಾಡಿಕೊಟ್ಟೆ. ದಾನ ಮಾಡುವುದು ಇಷ್ಟು ಸುಲಭ ಅಂತ ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಅವಳ ಮಗಳು ರಾತ್ರಿಪಾಳಿಯ ನಿದ್ದೆ ಮುಗಿಸಿ ಏಳುವ ಹೊತ್ತು. ಆಗ ತಾಯಿ ಮಗಳು ಮುಖ ನೋಡಿಕೊಂಡು ಮಾತಾಡುತ್ತಾರೆ, ನಡುವೆ ಒಂದು ವರ್ಷ ತುಂಬದ ಮೊಮ್ಮಗು. ಗಂಟೆಗಟ್ಟಲೆ. ಯಮುನಾ ನಗುವುದು ಮೆಲ್ಲಗೆ ಅಲ್ಲ, ಹಂಡೆ ಉರುಳಿದ ಹಾಗೆ. ನಾನು ಇತ್ತ ಅಡುಗೆಮನೆಯ ನೆಲದಲ್ಲಿ ಸೆರಗು ಹಾಸಿ ಮಲಗಿ ಆ ನಗುವನ್ನು ಕೇಳುತ್ತಿದ್ದೆ.

ಎರಡನೆಯ ವಾರದಿಂದ ನನ್ನ ಧಾರಾವಾಹಿಗೆ ರೋಗ ಹಿಡಿಯಿತು. ಸೊಸೆ ಬಾಯಿ ತೆರೆದಳು ಅಂದರೆ ತೆರೆದೇ ಇರುತ್ತಿದ್ದಳು, ಗಾಜಿನ ನಡುವೆ ಒಂದು ಚಕ್ರ ಸುತ್ತುತ್ತಲೇ ಇರುತ್ತಿತ್ತು. ಫೋನಿಗೆ ಇಂಗ್ಲಿಷಿನಲ್ಲಿ ಏನೋ ಮೆಸೇಜು ಬರುತ್ತಿತ್ತು. ಹಬ್ಬದ ಶುಭಾಶಯ ಇರಬೇಕು ಅಂತ ಅಳಿಸಿದೆ. ಹಾಗಿರುವಾಗ ಒಂದು ಬುಧವಾರ ಯಮುನಾ ಹಲ್ಲುನೋವು ಅಂತ ಡಾಕ್ಟರಲ್ಲಿಗೆ ಹೋದಳು, ಮಧ್ಯಾಹ್ನ ಮಾತುಕತೆ ನಡೆಯಲಿಲ್ಲ. ಆ ಸಂಜೆ ಧಾರಾವಾಹಿ ಹೊಳೆಯ ಹಾಗೆ ಹರಿಯಿತು! ಮೂರನೆಯ ಕ್ಲಾಸಿನ ಬುದ್ಧಿಗೆ ಅಷ್ಟು ಸಾಕು. ಮಾಳಿಗೆಯ ಮೇಲಿನ ನೀರಿನ ಟ್ಯಾಂಕನ್ನು ಮಧ್ಯಾಹ್ನವೇ ಯಾರೋ ಬಟ್ಟೆ ಒಗೆದು ಖಾಲಿ ಮಾಡಿದರೆ ಸಂಜೆ ನಲ್ಲಿ ಬುಸುಗುಡುವುದು ಹೇಗೋ, ಇದೂ ಹಾಗೆ.

ಅವಳಿಗೆ ಅದನ್ನು ಹೇಳಬಹುದಿತ್ತು. ‘ಯಮುನಾ, ಇದು ಇಬ್ಬರಿಗೆ ಸಾಕಾಗುವುದಿಲ್ಲ, ನಿನ್ನದೇ ಒಂದು ಹಾಕಿಸಿಕೋ’ ಅಂದಿದ್ದರೆ ಆ ಕ್ಷಣಕ್ಕೆ ಕತೆ ಮುಗಿಯುತ್ತಿತ್ತು. ಆದರೆ ಎಷ್ಟು ಬೇಕಾದರೂ ಅಂತ ಹೇಳಿದ ಬಾಯಲ್ಲಿ ಇಷ್ಟೇ ಅಂತ ಹೇಳುವುದು ಹೇಗೆ? ಹೇಳಿದರೆ ನನ್ನ ದೊಡ್ಡಸ್ತಿಕೆ ಸಣ್ಣದಾಗುತ್ತದೆ. ಅದಕ್ಕೆ ನಾನು ಬೇರೆ ದಾರಿ ಹಿಡಿದೆ. ಎರಡು ಗಂಟೆಗೆ ಅವಳ ಮಾತು ಶುರುವಾಗಿ ಹತ್ತು ನಿಮಿಷ ಕಳೆಯಬೇಕು, ನಾನು ಮಲಗಿದಲ್ಲಿಂದಲೇ ಕೈ ಚಾಚಿ, ‘ನೆಟ್ಟು ಹೋಯ್ತು ಯಮುನಾ! ಈ ಕಂಪೆನಿಯವರ ಮನೆ ಹಾಳಾಗ!’ ಅಂತ ಕೂಗುತ್ತಾ ಆ ಗುಂಡಿ ಒತ್ತಿಬಿಡುವುದು. ಅವಳು ಒಳಗಿಂದ ‘ಹೋಗ್ಲಿ ಬಿಡಿ ಅತ್ತಿಗೆ, ನಾಳೆ ಬರ್ತದೆ’ ಅನ್ನುವಳು. ಹೀಗೆ ಹನ್ನೆರಡು ದಿನ. ಒಂದು ದಿನ ಮಾತ್ರ ಅವಳು ಹೊರಗೆ ಬಂದು ನನ್ನ ಹತ್ತಿರ ಕೂತು, ‘ಮಗು ಇವತ್ತು ಗೋಡೆ ಹಿಡಿದು ನಿಂತಿತ್ತು ಅತ್ತಿಗೆ. ಕೈ ಬಿಡ್ತಾ ಇತ್ತು. ಅಷ್ಟರಲ್ಲಿ ಹೋಯ್ತು’ ಅಂದಳು. ‘ನಾಳೆಯೂ ನಿಲ್ತದೆ ಬಿಡು, ಮಕ್ಕಳು ಎಲ್ಲಿಗೆ ಓಡ್ತಾವೆ?’ ಅಂದೆ ನಾನು. ಆ ಸಂಜೆಯ ಧಾರಾವಾಹಿಯನ್ನು ಪೂರಾ ನೋಡಿದೆ. ಏನು ನಡೆಯಿತು ಅಂತ ಈಗ ಒಂದೂ ನೆನಪಿಲ್ಲ.

ಹದಿಮೂರನೆಯ ದಿನ ಯಮುನಾ ಸೀರೆ ಬದಲಾಯಿಸಿ ನಿಂತಳು. ‘ಬನ್ನಿ, ಅಂಗಡಿಯಲ್ಲಿ ಕೇಳುವ. ಅನ್‌ಲಿಮಿಟೆಡ್ ಅಂತ ಕೊಟ್ಟು ದಿನಾ ಮಧ್ಯಾಹ್ನ ಕಡಿದುಹಾಕುದು ಅಂದ್ರೆ ಎಂತ ನ್ಯಾಯ?’ ಬೇಡ ಅಂದರೆ ಸಂಶಯ ಬಂದೀತು ಅಂತ ಹೊರಟೆ. ಬೀದಿಯ ಕೊನೆಯಲ್ಲಿ ಶೈನಿ ಅನ್ನುವ ಹೆಂಗಸಿನ ಫೋನಿನ ಅಂಗಡಿ. ಕದ್ದವರೇ ಮೊದಲು ಕೂಗುತ್ತಾರಲ್ಲ, ನಾನು ಮೆಟ್ಟಿಲು ಹತ್ತುವಾಗಲೇ ಶುರು ಮಾಡಿದೆ. ‘ಕೊಡುವುದಾದರೆ ಕೊಡಿ, ಇಲ್ಲದಿದ್ದರೆ ಇಲ್ಲ ಅನ್ನಿ. ಬಾ ಬಾ ಅಂತ ಕರೆದು ಕೈಕೊಡುವುದು ಯಾವ ಸೀಮೆಯ ಮರ್ಯಾದೆ?’ ಮಲಯಾಳದಲ್ಲಿ ಬೈಯುವುದರಲ್ಲಿ ನನಗೆ ಯಾವತ್ತೂ ಪದ ಸಾಲದೆ ಬಂದದ್ದಿಲ್ಲ.

ಶೈನಿ ನಕ್ಕಳು. ಗೋಡೆಗೆ ಅಂಟಿಸಿದ ಬಣ್ಣದ ಕಾಗದ ತೋರಿಸಿದಳು. ಕುಂಬಳಕಾಯಿಯಷ್ಟು ದೊಡ್ಡ ಅಕ್ಷರದಲ್ಲಿ ಅನ್‌ಲಿಮಿಟೆಡ್ ಅಂತ ಇತ್ತಂತೆ. ಅದರ ನೆತ್ತಿಯ ಮೇಲೆ ಸಾಸಿವೆ ಕಾಳಿನಷ್ಟು ಒಂದು ನಕ್ಷತ್ರ. ಅದೇ ನಕ್ಷತ್ರ ಕಾಗದದ ಅಡಿಯಲ್ಲಿ ಇನ್ನೊಮ್ಮೆ, ಅದರ ಹಿಂದೆ ಇರುವೆಯ ಸಾಲಿನ ಹಾಗೆ ಅಕ್ಷರ. ‘ಅಮ್ಮೇ, ದಿನಕ್ಕೆ ಇಷ್ಟು ಅಂತ ಉಂಟು. ಅದು ಮುಗಿದ ಮೇಲೆ ನಿಲ್ಲುವುದಿಲ್ಲ, ನಿಧಾನ ಆಗ್ತದೆ. ನಿಲ್ಲಿಸಲಿಲ್ಲ ಅಲ್ವಾ, ಅದಕ್ಕೆ ಅನ್‌ಲಿಮಿಟೆಡ್ ಅಂತ ಹೇಳುದು.’

‘ನಿಧಾನ ಆದ್ರೆ ಯಾರು ನೋಡ್ತಾರೆ?’

‘ಯಾರೂ ನೋಡುದಿಲ್ಲ. ಬೇಜಾರಾಗಿ ಅವರೇ ಬಿಡ್ತಾರೆ.’

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದು ಬರುತ್ತಿದ್ದೆ. ಯಮುನಾ ಕೇಳಿದಳು, ‘ಸಂಜೆದು ಸರಿ. ಮಧ್ಯಾಹ್ನ ಎರಡೂ ಹತ್ತಕ್ಕೆ ಪೂರಾ ಹೋಗುದು ಯಾಕೆ?’ ಶೈನಿ ನನ್ನ ಫೋನು ತೆಗೆದುಕೊಂಡು ಒಳಗೆ ಏನೇನೋ ಬಿಡಿಸಿ ನೋಡಿದಳು. ‘ಆ ಹೊತ್ತಿಗೆ ಅರ್ಧ ಸಹ ಮುಗಿದಿರುವುದಿಲ್ಲ. ಕಂಪೆನಿಯಿಂದ ಹೋಗುವ ಹೊತ್ತಲ್ಲ ಅದು. ಅಮ್ಮೇ, ಹಾಟ್‌ಸ್ಪಾಟ್ ಯಾರಾದ್ರೂ ಆಫ್ ಮಾಡ್ತೀರಾ?’

ಅಂಗಡಿಯ ಫ್ಯಾನು ಕಟಕಟ ಅನ್ನುತ್ತಿತ್ತು. ನಾನು ಅದನ್ನು ನೋಡಿದೆ. ಯಮುನಾ ನನ್ನನ್ನು ನೋಡಲಿಲ್ಲ, ಅದು ಅವಳ ದೊಡ್ಡ ಗುಣ. ಸೊಂಟದ ಚೀಲದಿಂದ ತನ್ನ ಫೋನು ತೆಗೆದು ಮೇಜಿನ ಮೇಲಿಟ್ಟಳು. ‘ಇದಕ್ಕೆ ಒಂದು ಹಾಕಿ. ಸಣ್ಣದು ಸಾಕು. ಎಷ್ಟು ಉಂಟು ಅಂತ ಈಗಲೇ ಹೇಳಿಬಿಡಿ.’

ಅದಾದ ನಾಲ್ಕನೆಯ ದಿನ ಅವಳು ತಿರುವನಂತಪುರಕ್ಕೆ ಹೊರಟಳು. ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ ಸಿಕ್ಕಿತ್ತು. ಜಗಳವಿಲ್ಲ, ಮುಖ ಊದಿಸಿದ್ದಿಲ್ಲ. ಕಾಲಿಗೆ ನಮಸ್ಕರಿಸಿ ಹೋದಳು. ಬೈದಿದ್ದರೆ ನಾನೂ ಬೈದು, ತಪ್ಪನ್ನು ಇಬ್ಬರಿಗೂ ಹಂಚಿಬಿಡುತ್ತಿದ್ದೆ.

ಆಮೇಲೆ ನನಗೆ ಕೈಯಲ್ಲಿ ಕೆಲಸವಿಲ್ಲದ ಮಧ್ಯಾಹ್ನಗಳು ಬಹಳ ಸಿಕ್ಕವು. ನೀವು ಬೋಟುಜೆಟ್ಟಿಯ ಹತ್ತಿರದ ಊಟದ ಹೋಟೆಲುಗಳಿಗೆ ಹೋಗಿದ್ದರೆ ನೋಡಿರುತ್ತೀರಿ: ಹೊಟ್ಟೆ ತುಂಬ ಊಟ ಅಂತ ಬೋರ್ಡು ಇರುತ್ತದೆ, ಮೊದಲ ಸಲ ಅನ್ನ ಹಾಕುವವನು ಓಡಿ ಬರುತ್ತಾನೆ, ಎರಡನೆಯ ಸಲ ನಡೆದು ಬರುತ್ತಾನೆ, ಮೂರನೆಯ ಸಲ ನೀವು ಕೈಯೆತ್ತಿದರೆ ಅವನಿಗೆ ಸೂರಿನಲ್ಲಿ ಏನೋ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ, ಎಲೆಯ ಮೇಲೆ ನಿಮ್ಮ ಬೆರಳು ಒಣಗುತ್ತದೆ ಅಷ್ಟೆ, ಕೊನೆಗೆ ನೀವಾಗಿಯೇ ಕೈ ತೊಳೆಯಲಿಕ್ಕೆ ಏಳುತ್ತೀರಿ. ಅವನನ್ನು ನಾನು ಎಷ್ಟು ಸಲ ಶಪಿಸಿದ್ದೇನೋ. ಲೆಕ್ಕ ಹಾಕಿ ನೋಡಿದರೆ ನಾನು ಯಮುನಾಳಿಗೆ ಮಾಡಿದ್ದೂ ಅದೇ, ಬರೀ ನೆಟ್ಟಿನಲ್ಲಿ ಅಲ್ಲ. ಮೊದಲ ವಾರ ಮತ್ತಿ ಮೀನಿನ ಸಾರು, ನೀರುದೋಸೆ. ಎರಡನೆಯ ವಾರ ಬೆಳಗಿನದನ್ನೇ ಸಂಜೆಗೆ ಬಿಸಿ ಮಾಡಿದ್ದು. ಮೂರನೆಯ ವಾರ ಅವಳು ಏನಾದರೂ ಕೇಳಿದರೆ ‘ಹ್ಞೂಂ’ ಅಂತ ಒಂದೇ ಅಕ್ಷರ, ಅದೂ ಪಾತ್ರೆಯ ಕಡೆ ಮುಖ ಮಾಡಿ. ಹೋಗು ಅಂತ ನಾನು ಒಂದು ದಿನವೂ ಹೇಳಲಿಲ್ಲ. ಹೇಳಲಿಲ್ಲ ಅಂತ ಹೆಮ್ಮೆಯೂ ಪಟ್ಟಿದ್ದೆ.

ಕಂಪೆನಿಯವರು ಕಣ್ಣಿಗೆ ಕಾಣದಷ್ಟು ಸಣ್ಣದಾಗಿಯಾದರೂ ಬರೆದಿದ್ದರು. ನಾನು ಅದನ್ನೂ ಬರೆದಿರಲಿಲ್ಲ.

ತಿಂಗಳು ಕಳೆದ ಮೇಲೆ ಬೆಳಗಿನ ರೈಲು ಹತ್ತಿದೆ. ಹಾಸ್ಟೆಲಿನ ಅಡುಗೆಮನೆಯ ಹಿಂದೆ ಒಂದು ಕೋಣೆ, ಅದರಲ್ಲಿ ಎರಡು ಮಂಚ. ಯಮುನಾ ನನ್ನನ್ನು ಕಂಡು ಸೌಟು ಹಿಡಿದೇ ಹೊರಗೆ ಬಂದಳು. ‘ಅತ್ತಿಗೆ! ಹೇಳಿ ಬರ್ಲಿಕ್ಕೆ ಆಗುದಿಲ್ವಾ? ನಾಳೆ ಸಂಜೆಯ ತನಕ ಇರಿ. ಆಮೇಲೆ ಈ ಮಂಚದವಳು ಊರಿಂದ ಬರ್ತಾಳೆ, ಮತ್ತೆ ಜಾಗ ಇಲ್ಲ.’ ನನಗೆ ಒಂದು ಕ್ಷಣ ಕೆನ್ನೆಗೆ ಬಿದ್ದ ಹಾಗಾಯಿತು. ಆದರೆ ಆ ನಾಳೆ ಸಂಜೆಯ ತನಕ ಅವಳು ನನಗೆ ಬಡಿಸಿದ್ದನ್ನು, ಸ್ನಾನಕ್ಕೆ ಕಾಯಿಸಿಕೊಟ್ಟ ನೀರನ್ನು, ಕೆಲಸದ ನಡುನಡುವೆ ಬಂದು ಕೂತು ಆಡಿದ ಮಾತನ್ನು ನಾನು ಮರೆಯುವುದಿಲ್ಲ. ಎಲ್ಲಿಯೂ ನಿಧಾನ ಮಾಡಲಿಲ್ಲ ಅವಳು.

ಮರುದಿನ ಮಧ್ಯಾಹ್ನ ಅವಳು ತೆಂಗಿನಕಾಯಿ ತುರಿಯುತ್ತಿದ್ದಾಗ ಹೇಳಿದೆ. ‘ಗುಂಡಿ ಒತ್ತಿದ್ದು ನಾನೇ.’

‘ಗೊತ್ತುಂಟು.’

‘ಅಂಗಡಿಯಲ್ಲಿ ಗೊತ್ತಾಯ್ತಲ್ಲ.’

‘ಮೂರನೇ ದಿನವೇ ಗೊತ್ತಿತ್ತು ಅತ್ತಿಗೆ. ನೀವು ನೆಟ್ಟು ಹೋಯ್ತು ಅಂತ ಕೂಗುವಾಗ ನನ್ನದರಲ್ಲಿ ಇನ್ನೂ ಹೋಗಿರ್ತಿರಲಿಲ್ಲ. ನೀವು ಕೂಗಿದ ಮೇಲೆ ಹೋಗ್ತಿತ್ತು. ಮಗಳು ಸಹ ಕೇಳಿ ನಗ್ತಿದ್ದಳು, ಮಾಮಿ ಹೇಳಿಯಾಯ್ತು, ಈಗ ಹೋಗ್ತದೆ ನೋಡು ಅಂತ.’

‘ಹಾಗಾದ್ರೆ ಅಂಗಡಿಗೆ ಯಾಕೆ ಎಳ್ಕೊಂಡು ಹೋದೆ? ಮರ್ಯಾದೆ ತೆಗೀಲಿಕ್ಕಾ?’

ಅವಳು ತುರಿಯುವುದನ್ನು ನಿಲ್ಲಿಸಿದಳು. ‘ಬೀದಿಯ ಕೊನೆ ತನಕ ನಡೀಬೇಕಲ್ಲ, ದಾರಿಯಲ್ಲಿ ನೀವೇ ಹೇಳ್ತೀರಿ ಅಂತ ಇದ್ದೆ. ಮೆಟ್ಟಿಲಿನ ತನಕ ಕಾದೆ. ಹೇಳಿದ್ರೆ ಅಲ್ಲಿಂದಲೇ ವಾಪಸ್ಸು ಬರ್ತಿದ್ದೆ.’

ಮೆಟ್ಟಿಲಿನ ಮೇಲೆ ನಾನು ಮರ್ಯಾದೆಯ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ನೆನಪಾಗಿ ತಲೆ ಎತ್ತಲಿಕ್ಕೆ ಆಗಲಿಲ್ಲ. ತಲೆ ತಗ್ಗಿಸಿಕೊಂಡೇ, ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೊಂದಾಗಿ ಹೇಳಿದೆ: ಮನೆಗೆ ಬಾ. ಏಳರಿಂದ ಏಳೂವರೆ ನನ್ನನ್ನು ಮಾತಾಡಿಸಬೇಡ. ಬೆಳಿಗ್ಗೆ ಒಲೆ ನನ್ನದು, ಸಂಜೆ ನಿನ್ನದು. ಮಗಳ ಜೊತೆ ಎಷ್ಟು ಹೊತ್ತು ಬೇಕಾದರೂ ಮಾತಾಡು, ನಿನ್ನದೇ ಫೋನಿನಲ್ಲಿ. ಆದರೆ ಬಾಗಿಲು ಹಾಕಿಕೋ, ನೀನು ನಗುವುದು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಾನು ಗುಂಡಿ ಒತ್ತುತ್ತಿದ್ದದ್ದು ಧಾರಾವಾಹಿಗೆ ಮಾತ್ರ ಅಲ್ಲ, ಆ ಉರಿಗೂ ಹೌದು.

ಯಮುನಾ ತುರಿದದ್ದನ್ನು ತಟ್ಟೆಯಲ್ಲಿ ಒಟ್ಟು ಮಾಡಿದಳು. ‘ಇದನ್ನೆಲ್ಲ ಮೊದಲ ದಿನ ಹೇಳಿದ್ರೆ ಇರ್ತಿದ್ದೆ ಅತ್ತಿಗೆ. ಒಳ್ಳೆಯ ಷರತ್ತುಗಳೇ. ಈಗ ಇಲ್ಲಿ ವರ್ಷಕ್ಕೆ ಒಪ್ಪಿಕೊಂಡಾಗಿದೆ.’ ಮತ್ತೆ ತುರಿಮಣೆಗೆ ಬಾಗಿ, ‘ಓಣಂ ರಜೆಗೆ ಹುಡುಗಿಯರು ಊರಿಗೆ ಹೋಗ್ತಾರೆ. ಆಗ ಬರ್ತೇನೆ. ನಾಲ್ಕು ದಿನ. ಐದನೇ ದಿನ ಬೆಳಿಗ್ಗೆ ಹೊರಡುದು’ ಅಂದಳು.

ನಾಲ್ಕೇ ಯಾಕೆ, ಎಷ್ಟು ದಿನ ಬೇಕಾದ್ರೂ ಇರು ಅಂತ ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅದನ್ನು ನುಂಗಲಿಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

‘ಆಗಲಿ,’ ಅಂದೆ. ‘ನಾಲ್ಕು ದಿನ.’