ರಾಜ್ಯಪಾಲರ ಭಾಷಣದ ಹದಿನಾಲ್ಕನೇ ಪ್ಯಾರಾ

ನಮ್ಮ ಭಾವ ಮೂವತ್ತು ವರ್ಷ ವಿರೋಧ ಪಕ್ಷದಲ್ಲಿದ್ದರು. ಇದ್ದರು ಎಂದರೆ ಸಾಲದು, ಅದರಲ್ಲೇ ಬೆಳೆದು ಬಲಿತಿದ್ದರು. "ಉಪ್ಪು ಸರಿಯಾಗಿದೆಯಾ?" ಎಂದು ಅಕ್ಕ ಕೇಳಿದರೆ "ಖಂಡಿಸ್ತೀನಿ" ಎನ್ನುತ್ತಲೇ ತಟ್ಟೆ ಖಾಲಿ ಮಾಡುವವರು. ಸದನದಲ್ಲಿ ಮಂತ್ರಿ ಎದ್ದು ಗಂಟಲು ಸರಿಮಾಡಿಕೊಂಡರೆ ಸಾಕು, ಇವರು "ಸುಳ್ಳು!" ಎಂದು ಕೂಗುತ್ತಿದ್ದರು. ಆ ಪುಣ್ಯಾತ್ಮ ಇನ್ನೂ ಬಾಯಿಯೇ ತೆರೆದಿರುತ್ತಿರಲಿಲ್ಲ. ಅವರ ಜೀಪು ಓಡಿಸುತ್ತಿದ್ದ ನನಗೆ ಗೊತ್ತು, ನಿದ್ದೆಯಲ್ಲೂ ಹಾಗೇ.

ಕೊನೆಗೆ ಸರ್ಕಾರದವರಿಗೆ ತಲೆ ಚಿಟ್ಟು ಹಿಡಿದು, ಈ ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣದೆ, ರಾಜ್ಯಪಾಲರನ್ನಾಗಿ ಮಾಡಿಸಿಬಿಟ್ಟರು. ರಾಜಭವನದಲ್ಲಿ ಜಗಳವಾಡಲು ಒಬ್ಬರಾದರೂ ಸಿಗಬೇಕಲ್ಲ! ಏನು ಹೇಳಿದರೂ "ಆಗಲಿ ಸರ್". ಪಾಪ, ಒಂದೇ ವಾರದಲ್ಲಿ ಭಾವ ಸೊರಗಿಹೋದರು.

ಅಷ್ಟರಲ್ಲಿ ಅಧಿವೇಶನ ಬಂತು. ರಾಜ್ಯಪಾಲರ ಭಾಷಣ ಬರೆಯುವುದು ಸರ್ಕಾರ. ಓದುವುದಷ್ಟೇ ಇವರ ಕೆಲಸ. ಹಿಂದಿನ ದಿನ ಅದರ ಒಂದು ಪ್ರತಿ ರಾಜಭವನಕ್ಕೆ ಬಂತು. ಹದಿನಾಲ್ಕನೇ ಪ್ಯಾರಾದಲ್ಲಿ ಸಣ್ಣ ಶಾಲೆಗಳನ್ನು ಮುಚ್ಚುವ ಸಾಧನೆ. ಮುಚ್ಚುವ ಶಾಲೆಗಳ ಪಟ್ಟಿಯಲ್ಲಿ ಅಕ್ಕನದೂ ಇತ್ತು. ಒಂದೇ ಕೋಣೆ, ಹತ್ತೊಂಬತ್ತು ಮಕ್ಕಳು, ಇಪ್ಪತ್ತಾರು ವರ್ಷದಿಂದ ಅಕ್ಕನೊಬ್ಬಳೇ ಟೀಚರ್.

"ಓದ್ತೀರಾ ಇದನ್ನ?" ಅಕ್ಕ ಕೇಳಿದಳು.

"ಏನ್ಮಾಡ್ಲಿ? ಓದದೆ ಬಿಟ್ಟರೂ ಓದಿದ ಹಾಗೇ ಲೆಕ್ಕ ಕಣೇ."

"ಹಾಗಾದ್ರೆ ನಾನೂ ಬಂದು ಕೇಳಿಸ್ಕೋತೀನಿ."

ಬಂದೇಬಿಟ್ಟಳು. ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತಳು. ಹದಿಮೂರು ಪ್ಯಾರಾಗಳನ್ನು ಭಾವ ಮಗ್ಗಿ ಒಪ್ಪಿಸಿದಂತೆ ಓದಿದರು. "ನನ್ನ ಸರ್ಕಾರವು ಅನಗತ್ಯ ಶಾಲೆಗಳನ್ನು ಗುರುತಿಸಿ, ಯಾರಿಗೂ ತೊಂದರೆಯಾಗದಂತೆ..." ಎಂದು ಹದಿನಾಲ್ಕನೆಯದನ್ನು ಶುರುಮಾಡಿದವರು ತಲೆಯೆತ್ತಿ ಅಕ್ಕನನ್ನು ನೋಡಿ, "ಸುಳ್ಳು!" ಎಂದು ಕೂಗಿಬಿಟ್ಟರು.

ಅಯ್ಯೋ ದೇವರೇ! ತಮ್ಮ ಭಾಷಣಕ್ಕೆ ತಾವೇ ಅಡ್ಡಿಪಡಿಸಿದ ರಾಜ್ಯಪಾಲರನ್ನು ಯಾರು ಕಂಡಿದ್ದರು? ಸಭಾಧ್ಯಕ್ಷರು ಅಭ್ಯಾಸಬಲದಿಂದ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದರು. ಭಾವನೂ ಅಭ್ಯಾಸಬಲದಿಂದ ಕೂತುಬಿಟ್ಟರು.

ಆ ಒಂದು ಪದವನ್ನು ಕಡತದಿಂದ ತೆಗೆಸಿದರು. ತಿಂಗಳೊಳಗೆ ಭಾವನ ಪದವಿಯನ್ನೂ ತೆಗೆಸಿದರು. ಶಾಲೆ ಉಳಿಯಿತೇ? ಎಲ್ಲಿಯ ಮಾತು! ಒಂದು ಶುಕ್ರವಾರ ಅಕ್ಕನೇ ಅದಕ್ಕೆ ಬೀಗ ಹಾಕಿ ಮನೆಗೆ ಬಂದಳು. ಭಾವ ಹಜಾರದಲ್ಲಿ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದರು.

"ಉಳಿಸೋಕಾಗಲಿಲ್ಲ ಕಣೇ."

ಅಕ್ಕ ಚಪ್ಪಲಿ ಬಿಡುತ್ತಾ, "ಊರೋರ ಪರವಾಗಿ ಎಷ್ಟು ಕೂಗಿದ್ರೋ ಲೆಕ್ಕವೇ ಇಲ್ಲ. ನನ್ನ ಪರವಾಗಿ ಕೂಗಿದ್ದು ಇದೇ ಮೊದಲು ಕಣ್ರೀ" ಎಂದವಳು, ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು.