ಬರೇ ಫಾರ್ಮಾಲಿಟಿ

ಮೊನ್ನೆ ಸವಣೂರಿನ ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿ ನನ್ನ ಮುಂದೆ ಕಾಗದ ಸರಿಸಿ, "ಇಲ್ಲೊಂದು ಸೈನ್ ಮಾಡ್ರಿ ಅಕ್ಕಾರ, ಬರೇ ಫಾರ್ಮಾಲಿಟಿ" ಎಂದಳು. ನಾನು ಚಾಳೀಸು ಏರಿಸಿ ಮೊದಲ ಸಾಲಿನಿಂದ ಓದತೊಡಗಿದೆ. ಹಿಂದೆ ನಿಂತವರು ಲೊಚಗುಟ್ಟಿದರು. ಅದು ಹೊಸ ಪಾಸ್‌ಬುಕ್ಕಿನ ಅರ್ಜಿ, ನಾನೇ ಕೇಳಿದ್ದು. ಆದರೂ ಕೊನೆಯವರೆಗೆ ಓದಿಯೇ ಸಹಿ ಹಾಕಿದೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಪದದ ಮೇಲೆ.

ಶಬ್ದಕೋಶ ತೆಗೆದರೆ ಅದಕ್ಕೆ 'ಔಪಚಾರಿಕತೆ' ಎಂದಿರುತ್ತದೆ. ಆ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ. ನಮ್ಮ ಕಡೆ ಮದುವೆಗೆ ಹೋಗಿ ಅಕ್ಕಿಕಾಳು ಹಾಕಿ ಉಣ್ಣದೆ ಬಂದರೆ ಅದು ಫಾರ್ಮಾಲಿಟಿ. ಹಿರಿಯರು ಎಲ್ಲ ಮಾತು ಮುಗಿಸಿಕೊಂಡ ಮೇಲೆ ಹುಡುಗಿಯನ್ನು ಕೂರಿಸಿ, "ಮನಸ್ಸೈತೇನವ್ವಾ?" ಎಂದು ಕೇಳುತ್ತಾರಲ್ಲ, ಅದೂ ಫಾರ್ಮಾಲಿಟಿಯೇ. ನನ್ನನ್ನೂ ಹಾಗೆ ಕೇಳಿದ್ದರು. ನಾನು ತಲೆ ಅಲ್ಲಾಡಿಸಿದ್ದೆ. ಯಾವ ಕಡೆಗೆ ಅಲ್ಲಾಡಿಸಿದೆ ಎಂದು ಯಾರೂ ನೋಡಲಿಲ್ಲ. ಒಟ್ಟಿನಲ್ಲಿ ಈ ಪದ ಬಂತೆಂದರೆ ಇನ್ನು ಪ್ರಶ್ನೆ ಕೇಳಬಾರದು ಎಂದು ನಾವು ತಿಳಿದುಕೊಳ್ಳಬೇಕು.

ಅಪ್ಪ ತೀರಿಕೊಂಡ ಮೇಲೆ ತವರೂರು ತಿಳವಳ್ಳಿಯಿಂದ ತಮ್ಮ ಮಲ್ಲೇಶ ಕಾರು ಮಾಡಿಕೊಂಡು ಬಂದ. ನಾನು ಎತ್ತಿ ಆಡಿಸಿದ ಹುಡುಗ.

"ಅಕ್ಕಾ, ಹೊಲದ ಪಹಣಿ ಉತಾರದಾಗ ನಿನ್ನ ಹೆಸರು ಇದ್ರ ಪ್ರತಿ ಕೆಲಸಕ್ಕೂ ನಿನ್ನ ಕರಕೊಂಡು ಅಡ್ಡಾಡಬೇಕಾಕ್ಕೈತಿ. ಒಂದು ಸೈನ್ ಹಾಕಿಬಿಡು. ಬರೇ ಫಾರ್ಮಾಲಿಟಿ. ತವರುಮನಿ ಎಲ್ಲಿ ಹೋಕ್ಕೈತಿ?"

ಹಾನಗಲ್ಲಿನ ನೋಂದಣಿ ಕಚೇರಿಗೆ ಹೋದೆವು. ನೋಂದಣಿ ಸಾಹೇಬರು, "ಸ್ವಂತ ಖುಷಿಯಿಂದ ಹಕ್ಕು ಬಿಟ್ಟುಕೊಡಾಕತ್ತೀರೇನ್ರಿ?" ಎಂದು ಕೇಳಿದರು. ಕೇಳುವುದು ಅವರ ಕೆಲಸ. ನಾನು ಹೂಂ ಎಂದೆ. ಹೊರಗೆ ಬಂದಾಗ ತಮ್ಮನ ಹೆಂಡತಿ ನನ್ನನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಉಡಿ ತುಂಬಿದಳು: ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ. ತವರಿನ ದೇವರ ಮುಂದೆ ತುಂಬಿ ಮಗಳನ್ನು ಕಳಿಸುವುದು ಪದ್ಧತಿ. ಅದನ್ನು ಕಚೇರಿಯ ಅಂಗಳದಲ್ಲೇ ಮುಗಿಸಿದರು. ನನ್ನನ್ನು ತಿಳವಳ್ಳಿಗೆ ಕರೆದೊಯ್ಯುವ ತ್ರಾಸು ಅವರಿಗೆ ತಪ್ಪಿತು. ಅಕ್ಕಿ ಮಾತ್ರ ನಮ್ಮ ಹೊಲದ್ದೇ. ಆ ಹೊಲದಲ್ಲಿ ನನ್ನ ಪಾಲಿಗೆ ಬಂದದ್ದು ಸೆರಗಿನಲ್ಲಿ ಹಿಡಿಸಿದಷ್ಟು.

ನಾಗರಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯಬೇಕು. ಕರೆಯಲು ಬಾರದ ತವರಿಗೆ ತಾನಾಗಿ ಹೋಗುವುದು ಹೇಗೆ, ನೀವೇ ಹೇಳಿ. ಸಹಿಯಾದ ವರ್ಷ ಮಲ್ಲೇಶ ಬಂದ. ಮುಂದಿನ ವರ್ಷ ಬಸ್ಸಿನ ಕಂಡಕ್ಟರ್ ಕೈಲಿ ಶೇಂಗಾ ಉಂಡಿಯ ಡಬ್ಬಿ ಬಂತು. ಅದರಾಚೆಯ ವರ್ಷ ಮೊಬೈಲಿಗೆ ಉಂಡಿಯ ಚಿತ್ರ ಬಂತು. ಆ ವರ್ಷ ನಾನು ಬ್ಯಾಗು ತುಂಬಿಟ್ಟುಕೊಂಡು ಬಾಗಿಲಲ್ಲೇ ಕುಳಿತಿದ್ದೆ.

"ಇನ್ನೂ ಬರ್ಲಿಲ್ಲೇನ್ರಿ ಅಕ್ಕಾರ, ನಿಮ್ಮ ತಮ್ಮ?" ಎಂದಳು ಪಕ್ಕದ ಮನೆಯ ರಹಮತಬಿ.

"ನಾಟಿ ಗದ್ದಲದಾಗ ಅದಾನವಾ" ಎಂದು ಸುಳ್ಳು ಹೇಳಿದೆ. ಅವಳಿಗೂ ಅದು ಸುಳ್ಳೆಂದು ಗೊತ್ತಾಯಿತು. ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ. ಹೊಲ ಹೋದದ್ದಕ್ಕಲ್ಲ ಎಂದರೆ ಅದೂ ಸುಳ್ಳಾಗುತ್ತದೆ, ಹೊಲಕ್ಕೂ ಉರಿಯುತ್ತದೆ.

ನಿನ್ನೆ ಮಧ್ಯಾಹ್ನ ಮಲ್ಲೇಶನ ಮಗಳು ಸುಮಾ ಫೋನು ಮಾಡಿದಳು. ಅವಳ ಮದುವೆ ಗೊತ್ತಾಗಿದೆಯಂತೆ. ನನಗೆ ತಿಳಿದದ್ದೇ ಆಗ.

"ಅತ್ತಿ, ಮದ್ವಿಗಿಂತ ಮೊದ್ಲ ಎಲ್ಲಾ ಅಣ್ಣನ ಹೆಸರಿಗೆ ಬಿಟ್ಟು ಸೈನ್ ಮಾಡು ಅಂತ ಅಪ್ಪ ಗಂಟುಬಿದ್ದಾನ. ಬರೇ ಫಾರ್ಮಾಲಿಟಿ ಅಂತ. ನಿಮ್ಮತ್ತಿನೂ ನಕ್ಕೊಂತ ಮಾಡಿದ್ಲು ಅಂತಾನ. ಖರೇನ?"

ಏನು ಹೇಳಲಿ? ಬಾಯಿ ಬಿಟ್ಟರೆ ಆ ಮನೆಯ ಹೊಸ್ತಿಲು ನನಗೆ ಶಾಶ್ವತವಾಗಿ ತಪ್ಪುತ್ತದೆ. ಕರೆ ಬಾರದಿದ್ದರೂ, ಬರಬಹುದು ಎಂಬ ಆಸೆಯನ್ನು ನಾನು ಇನ್ನೂ ಬಿಟ್ಟಿರಲಿಲ್ಲ.

"ನಕ್ಕೊಂತ ಮಾಡಿದ್ದು ಖರೆ" ಎಂದೆ. "ನೀ ನಿಮ್ಮಪ್ಪಗ ಇಷ್ಟ ಕೇಳು. ಬರೇ ಫಾರ್ಮಾಲಿಟಿ ಆಗಿದ್ರ, ಮಾಡದಿದ್ರೂ ನಡೀತೈತಲ್ಲಪಾ ಅಂತ."

ಸಂಜೆ ಮಲ್ಲೇಶನ ಫೋನು ಬಂತು. ಎಷ್ಟೋ ವರ್ಷಗಳ ಮೇಲೆ ಅವನಾಗಿ ಮಾಡಿದ್ದು.

"ನನ್ನ ಮಗಳ ಮದ್ವಿಗೆ ನೀ ಬರೂದು ಬ್ಯಾಡ" ಎಂದ.

ಕರೆಯಲು ಪುರಸೊತ್ತಿಲ್ಲದವನಿಗೆ ಬರಬೇಡ ಎನ್ನಲು ಪುರಸೊತ್ತು ಸಿಕ್ಕಿತ್ತು. ನಾನು ಕೇಳಿದ್ದು ಒಂದೇ:

"ಸುಮಾ ಸೈನ್ ಮಾಡಿದ್ಲೇನು?"

ಅವನು ಪಟ್ಟನೆ ಫೋನಿಟ್ಟ. ಅಂದರೆ, ಮಾಡಿಲ್ಲ.